ಕುಂಟೆಯ ಕುಡ ಮಣ್ಣಿಗೆ ಸೋಲದಿರಲು

ಮಕ್ಕಳೇ, ಮಣ್ಣಿಗೂ ಉಕ್ಕಿಗೂ ತಿಕ್ಕಾಟ ನಡೆದರೆ ಸೋಲುವುದು ಯಾರು? ಮಣ್ಣೇ ಎಂದು ಹೇಳುವ ಮೊದಲು, ಬೀದರಿನ ಮೈಲೂರಿನಲ್ಲಿ ಹೊಲ ಇರುವ ಯಾರ ಮನೆಗಾದರೂ ಹೋಗಿ ಎತ್ತು ಎಳೆಯುವ ಕುಂಟೆಯ ಕುಡವನ್ನು, ಅಂದರೆ ಮಣ್ಣು ಕೆರೆಯುವ ಉಕ್ಕಿನ ಅಲಗನ್ನು, ನೋಡಿ ಬನ್ನಿ. ಹೊಸ ಕುಡ, ಹಳೆಯ ಕುಡ ಎರಡೂ ಅಕ್ಕಪಕ್ಕ ಸಿಕ್ಕರೆ ಇನ್ನೂ ಒಳ್ಳೆಯದು. ಹೊಸದು ಅಗಲವಾಗಿದ್ದು ಅಂಚು ನೇರವಾಗಿರುತ್ತದೆ. ಹಳೆಯದರ ಮೂಲೆಗಳು ದುಂಡಗಾಗಿ, ಅಗಲ ಕರಗಿ, ಮೈ ನುಣ್ಣಗಾಗಿರುತ್ತದೆ. ಕರಗಿದ ಉಕ್ಕೆಲ್ಲ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ, ಹೊಲದಲ್ಲೇ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಮಣ್ಣಿನಲ್ಲಿ ಬೆರೆತಿದೆ.

ಮಣ್ಣು ಮೆತ್ತಗೆ ಕಂಡರೂ ಅದರೊಳಗಿನ ಹರಳುಗಳು ಮೆತ್ತಗಿಲ್ಲ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಎಂಬ ವಿಜ್ಞಾನಿ ಹತ್ತು ಖನಿಜಗಳನ್ನು ಸಾಲಾಗಿ ಜೋಡಿಸಿದರು. ಯಾವುದು ಯಾವುದರ ಮೇಲೆ ಗೀರು ಹಾಕಬಲ್ಲದು ಎಂಬುದೇ ಅವರ ಲೆಕ್ಕ. ತೀರ ಮೆತ್ತನೆಯ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆಯಲ್ಲಿ ಬರುತ್ತದೆ. ಸಾದಾ ಕಬ್ಬಿಣದ ಮೊಳೆ ನಾಲ್ಕು ಐದರ ನಡುವೆ. ಮರಳಿನಲ್ಲಿ ಮಿನುಗುವ ಬೆಣಚುಕಲ್ಲಿನ ಕಣಕ್ಕೆ 7. ಅಂದರೆ ಎತ್ತು ಒಂದೊಂದು ಹೆಜ್ಜೆ ಮುಂದಿಟ್ಟಾಗಲೂ ಬೆಣಚಿನ ಸಾವಿರಾರು ಕಣಗಳು ಕುಡದ ಮೇಲೆ ಗೀರು ಹಾಕುತ್ತಲೇ ಇರುತ್ತವೆ. ಟ್ರ್ಯಾಕ್ಟರಿನ ರೋಟಾವೇಟರ್ ಬ್ಲೇಡಿಗೂ ಇದೇ ಪಾಡು. ಅದು ವೇಗವಾಗಿ ತಿರುಗುವುದರಿಂದ ಸವೆತವೂ ಬೇಗ.

ಹಾಗಾದರೆ ಇಡೀ ಕುಡವನ್ನೇ ಬೆಣಚಿನಷ್ಟು ಗಟ್ಟಿ ಮಾಡಿಬಿಡಬಾರದೇ? ನಿಮ್ಮಲ್ಲಿ ಯಾರಾದರೂ ಖಂಡಿತ ಹೀಗೆ ಕೇಳುತ್ತೀರಿ, ಕೇಳಬೇಕಾದದ್ದೇ. ಇದಕ್ಕೆ ಉತ್ತರ ಅರದಲ್ಲಿದೆ. ಕುಡಗೋಲು, ಗರಗಸ ಮಸೆಯಲು ಬಳಸುವ ಅರ ಬಹಳ ಗಡಸು ಉಕ್ಕು. ಅದನ್ನು ಕೈತಪ್ಪಿ ಫರಸಿ ಕಲ್ಲಿನ ಮೇಲೆ ಬೀಳಿಸಿದರೆ ಎರಡು ತುಂಡಾಗಿಬಿಡಬಹುದು. ಹೊಲದಲ್ಲಿ ಕುಡ ಮಣ್ಣಿನೊಳಗಿನ ಕಲ್ಲಿಗೆ ಬಡಿಯುವುದು ದಿನವೂ ಇದ್ದದ್ದೇ. ಪೂರ್ತಿ ಗಡಸಾದ ಕುಡವಾದರೆ ಮೊದಲ ಕಲ್ಲಿಗೇ ಮುರಿದೀತು. ಗಡಸುತನ ಒಂದು ಗುಣ, ಪೆಟ್ಟು ತಿಂದೂ ಮುರಿಯದ ತಾಳಿಕೆ ಇನ್ನೊಂದು ಗುಣ. ಉಕ್ಕಿನಲ್ಲಿ ಒಂದು ಹೆಚ್ಚಿದರೆ ಇನ್ನೊಂದು ಸಾಮಾನ್ಯವಾಗಿ ಕುಗ್ಗುತ್ತದೆ. ಆದ್ದರಿಂದ ಮನುಷ್ಯರು ಒಂದು ಜಾಣತನ ಕಂಡುಕೊಂಡರು. ಸವೆಯುವ ಜಾಗ ಹೊರಮೈ, ಪೆಟ್ಟು ತಾಳುವ ಜಾಗ ಒಡಲು. ಹೊರಮೈಯನ್ನಷ್ಟೇ ಗಡಸು ಮಾಡಿ ಒಡಲನ್ನು ಹಾಗೇ ಬಿಟ್ಟರೆ ಎರಡೂ ಗುಣ ಒಂದೇ ತುಂಡಿನಲ್ಲಿ ಸಿಗುತ್ತವೆ. ಇದನ್ನು ಸಾಧಿಸುವ ದಾರಿಗಳು ಹಲವು. ಅತಿ ಹಳೆಯದು ಕಂಬಾರರ ಕುಲುಮೆಯಲ್ಲಿದೆ.

ಭಾಲ್ಕಿ, ಔರಾದ್ ಕಡೆಯ ಸಂತೆಗಳಲ್ಲಿ ಕೊಡಲಿ, ಕುಡಗೋಲು, ಕಬ್ಬು ಕಡಿಯುವ ಕೊಯ್ತಾ ಕೊಳ್ಳುವವರು ‘ಇದು ಪಾಟಾದ್ದೇನು?’ ಎಂದು ಕೇಳುತ್ತಾರೆ. ಪಾಟಾ ಎಂದರೆ ಲಾರಿಯ ಅಡಿಯ ಕಮಾನು ಪಟ್ಟಿ. ಕಂಬಾರರಿಗೆ ಅದರ ಮೇಲೆ ಅಷ್ಟು ಪ್ರೀತಿ ಇರುವುದಕ್ಕೆ ಕಾರಣವಿದೆ. ನೂರು ಕಿಲೋ ಕಮಾನು ಪಟ್ಟಿಯಲ್ಲಿ ಅರ್ಧ ಕಿಲೋಗಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. ಕಿಟಕಿಯ ಸರಳಿಗೆ, ಗೇಟಿಗೆ ಬಳಸುವ ಸಾದಾ ಕಬ್ಬಿಣದಲ್ಲಿ ಅಷ್ಟೇ ತೂಕಕ್ಕೆ ಕಾಲು ಕಿಲೋ ಸಹ ಇರುವುದಿಲ್ಲ. ಇಂಗಾಲ ಎಂದರೆ ಇದ್ದಿಲಿನಲ್ಲಿರುವುದೇ. ಇಷ್ಟು ಸಣ್ಣ ಪಾಲಿನ ಇದ್ದಿಲು ಕಬ್ಬಿಣದ ಹಣೆಬರಹವನ್ನೇ ಬದಲಿಸುತ್ತದೆ.

ಕುಲುಮೆಯ ಕೆಲಸವನ್ನು ದೂರ ನಿಂತು ಗಮನಿಸಿ. ತಿದಿ ಊದಿದಂತೆ ಕೆಂಡ ಬೆಳ್ಳಗಾಗುತ್ತದೆ, ಉಕ್ಕು ಮೊದಲು ಮಂಕು ಕೆಂಪಾಗಿ, ಬಳಿಕ ಹೊಳೆವ ಕೆಂಪಿಗೆ ತಿರುಗುತ್ತದೆ. ತೂಕದ ಸುತ್ತಿಗೆಯಿಂದ ಹಣಿದು ಆಕಾರ ಕೊಟ್ಟ ಮೇಲೆ ಕೊನೆಯ ಸಲ ಕಾಯಿಸುವಾಗ ಕಂಬಾರರು ನೆರಳಿನಲ್ಲಿ ಬಣ್ಣ ನೋಡುತ್ತಾರೆ. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಕೆಲವರು ಅಯಸ್ಕಾಂತ ಹಿಡಿದು ಪರೀಕ್ಷಿಸುತ್ತಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ‘ಅಂಟುತ್ತಿಲ್ಲ’ ಎಂದಾದರೆ ಕಾವು ಸಾಕಷ್ಟಾಯಿತು ಎಂದರ್ಥ. ಕೂಡಲೇ ಇಕ್ಕಳದಲ್ಲಿ ಹಿಡಿದು ಅಂಚನ್ನು ಮಾತ್ರ ನೀರಿಗೆ ಇಳಿಸುತ್ತಾರೆ. ಚುಂಯ್ ಎನ್ನುತ್ತದೆ, ಹಬೆ ಏಳುತ್ತದೆ. ಇದೇ ನೀರು ಕುಡಿಸುವುದು.

ಆ ಒಂದೆರಡು ಕ್ಷಣಗಳಲ್ಲಿ ಒಳಗೆ ಏನಾಯಿತು? ಕಬ್ಬಿಣದ ಪರಮಾಣುಗಳು ತುಂಬ ಚಿಕ್ಕವು. ಸುಮಾರು 4 ಕೋಟಿ ಪರಮಾಣುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಸೆಂಟಿಮೀಟರ್ ಆದೀತು. ಅವು ಅಡ್ಡಾದಿಡ್ಡಿಯಾಗಿ ಇರುವುದಿಲ್ಲ, ಘನಾಕಾರದ ಅಚ್ಚುಕಟ್ಟು ಮನೆಗಳಲ್ಲಿ ನಿಂತಿರುತ್ತವೆ. ತಣ್ಣಗಿರುವಾಗ ಮನೆಯ ಎಂಟು ಮೂಲೆಗಳಲ್ಲಿ ಒಂದೊಂದು, ನಟ್ಟನಡುವೆ ಒಂದು. ಚೆನ್ನಾಗಿ ಕಾದಾಗ ನಡುವಿನದು ಜಾಗ ಬಿಟ್ಟು, ಮನೆಯ ಆರು ಗೋಡೆಗಳ ನಡುವೆ ಒಂದೊಂದು ಬಂದು ನಿಲ್ಲುತ್ತದೆ. ಈ ಬಿಸಿ ಮನೆಯ ಸಂದುಗಳು ದೊಡ್ಡವು, ಇಂಗಾಲದ ಪರಮಾಣುಗಳು ಅಲ್ಲಿ ಆರಾಮವಾಗಿ ಸೇರಿಕೊಳ್ಳುತ್ತವೆ. ತಣ್ಣನೆಯ ಮನೆಯ ಸಂದುಗಳು ಚಿಕ್ಕವು. ಅಲ್ಲಿ ಇಂಗಾಲಕ್ಕೆ ಜಾಗ ಇಲ್ಲವೆಂದೇ ಹೇಳಬೇಕು.

ಬಿಸಿ ಉಕ್ಕನ್ನು ಮೆಲ್ಲಗೆ ಆರಲು ಬಿಟ್ಟರೆ ಇಂಗಾಲ ಮೆಲ್ಲಗೆ ಹೊರಬಂದು ಬೇರೆ ಕಡೆ ಗುಂಪುಗೂಡುತ್ತದೆ, ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ನೀರಿಗೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಹೊತ್ತೇ ಸಿಗುವುದಿಲ್ಲ. ಅದನ್ನು ಒಳಗಿಟ್ಟುಕೊಂಡೇ ಮನೆಯ ಸಂದುಗಳು ಚಿಕ್ಕವಾಗುತ್ತವೆ. ಬೀದರಿನಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂತಾಗ ಯಾರೂ ಅಲುಗಾಡಲಾರರಲ್ಲ, ಅದೇ ಸ್ಥಿತಿ. ಲೋಹದ ಮೇಲೆ ಗೀರು ಬೀಳುವುದು, ತಗ್ಗಾಗುವುದು ಎಂದರೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಇಕ್ಕಟ್ಟಿನಲ್ಲಿ ಸಿಕ್ಕ ಪದರಗಳು ಜಾರಲಾರವು. ಅದಕ್ಕೇ ಗಡಸುತನ. ಈ ಇಕ್ಕಟ್ಟಿನ ಜೋಡಣೆಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬವರ ನೆನಪಿನಲ್ಲಿ ಮಾರ್ಟೆನ್ಸೈಟ್ ಎಂಬ ಹೆಸರಿದೆ.

ಆದರೆ ಮಾರ್ಟೆನ್ಸೈಟ್ ಆಗುವಾಗ ಉಕ್ಕು ತುಸು ಉಬ್ಬುತ್ತದೆ. ಹೊರಗೆ ಒಂದು ಅಳತೆ, ಒಳಗೆ ಇನ್ನೊಂದು ಅಳತೆ. ಒಮ್ಮೊಮ್ಮೆ ನೀರಿನೊಳಗಿಂದ ಟಿಣ್ ಎಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಯಾವ ಕಂಬಾರನಿಗೂ ಬೇಡ. ಬಿರುಕು ಬಿಟ್ಟಿತು, ಅಷ್ಟು ಹೊತ್ತಿನ ಶ್ರಮ ಹೋಯಿತು. ಇಂಗಾಲ ಹೆಚ್ಚಿರುವ ಉಕ್ಕಿಗೆ ನೀರಿನ ಬದಲು ಎಣ್ಣೆ ಬಳಸುವುದು ಇದಕ್ಕೇ. ಎಣ್ಣೆ ಕಾವನ್ನು ನೀರಿನಷ್ಟು ರಭಸದಿಂದ ಎಳೆದುಕೊಳ್ಳುವುದಿಲ್ಲ.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಅಂಚನ್ನು ನೀರಿನಿಂದ ಎತ್ತಿದಾಗ ಅದು ತಣ್ಣಗಿರುತ್ತದೆ, ಬೆನ್ನು ಮಾತ್ರ ಇನ್ನೂ ಬಿಸಿ. ಕಂಬಾರರು ಅಂಚನ್ನು ಕಲ್ಲಿಗೆ ಒಂದೆರಡು ಸಲ ತಿಕ್ಕಿ ಕಪ್ಪು ತೆಗೆದು ಬೆಳ್ಳಿಬಣ್ಣ ಬರಿಸುತ್ತಾರೆ. ಆಮೇಲೆ ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಬೆನ್ನಿನ ಕಾವು ಅಂಚಿನ ಕಡೆ ಹರಿಯತೊಡಗುತ್ತದೆ. ಜೊತೆಗೆ ಬಣ್ಣಗಳ ಪಟ್ಟಿಯೂ ಹರಿದು ಬರುತ್ತದೆ. ಅಂಚಿನ ತುದಿಯಲ್ಲಿ ಮೊದಲು ಒಣ ಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ. ಕಂದು ಬಂದರೆ 255ರ ಹತ್ತಿರ. ನೇರಳೆಗೆ 280, ನೀಲಿಗೆ 300. ಈ ಬಣ್ಣ ಉಕ್ಕಿನದಲ್ಲ. ಗಾಳಿಯ ಆಮ್ಲಜನಕ ಸೇರಿ ಮೈಮೇಲೆ ಕಟ್ಟಿದ ತೆಳು ಪೊರೆಯದು, ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಿಂದಲೂ ಇದೇ ಅವರ ಥರ್ಮಾಮೀಟರ್. ಕುಡಗೋಲಿಗೆ ಯಾವ ಬಣ್ಣ ಬೇಕೋ ಅದು ಅಂಚಿಗೆ ತಲುಪಿದ ಕ್ಷಣವೇ ಇಡೀ ತುಂಡನ್ನು ನೀರಿಗೆ ಅದ್ದಿಬಿಡುತ್ತಾರೆ. ಈ ಎರಡನೆಯ ಹದವಾದ ಕಾವಿನಿಂದ ಗಡಸುತನ ಕೊಂಚ ಇಳಿದು ತಾಳಿಕೆ ಬಹಳಷ್ಟು ಏರುತ್ತದೆ. ಅಂಚು ಗಡಸು, ಬೆನ್ನು ಮಿದು, ಒಂದೇ ಬಕೆಟ್ ನೀರಿನಲ್ಲಿ. ಶಾಲೆಯ ಪ್ರಯೋಗಾಲಯಗಳಲ್ಲೂ ಇಷ್ಟು ಸೊಗಸಾದ ಪಾಠ ಸಿಗುವುದು ಕಷ್ಟ.

ಕಾರ್ಖಾನೆಗಳಲ್ಲಿ ಇದನ್ನೇ ವಿದ್ಯುತ್ತಿನಿಂದ ಮಾಡುತ್ತಾರೆ. ಬಡಗಿಯವರ ಹೊಸ ಕೈಗರಗಸ ಸಿಕ್ಕರೆ ಹಲ್ಲುಗಳನ್ನು ಹತ್ತಿರದಿಂದ ನೋಡಿ. ಅನೇಕ ಗರಗಸಗಳಲ್ಲಿ ಹಲ್ಲಿನ ತುದಿಗಳಷ್ಟೇ ಕಪ್ಪು ನೀಲಿಯಾಗಿರುತ್ತವೆ, ಉಳಿದ ತಗಡು ಬಿಳಿ. ತಾಮ್ರದ ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಹರಿಸಿ, ಪಕ್ಕದಲ್ಲಿ ಹಲ್ಲುಗಳನ್ನು ಹಾಯಿಸಿದರೆ ಮುಟ್ಟದೆಯೇ ಅವು ಕ್ಷಣದಲ್ಲಿ ಕೆಂಪಾಗುತ್ತವೆ. ಕಾವು ಒಳಗೆ ಇಳಿಯುವ ಮುಂಚೆ ತಣಿಸಿಬಿಡುತ್ತಾರೆ. ಅಂಥ ಹಲ್ಲನ್ನು ಅರದಿಂದ ಮಸೆಯಲು ಹೋದರೆ ಅರವೇ ಜಾರುತ್ತದೆ. ಅದೇ ಗರಗಸದ ತಗಡಿನ ಮೇಲೆ ಅರ ಎಳೆದರೆ ಪುಡಿ ಉದುರುತ್ತದೆ. ದೊಡ್ಡವರ ಜೊತೆ ಕೂತು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಮಾಡಿ ನೋಡಬಹುದು. ಅರ ಕಚ್ಚಿದರೆ ಮಿದು, ಜಾರಿದರೆ ಗಡಸು. ಇದಕ್ಕಿಂತ ಸರಳ ಪರೀಕ್ಷೆ ಇಲ್ಲ.

ಇಂಗಾಲವೇ ಕಡಿಮೆ ಇರುವ ಸಾದಾ ಕಬ್ಬಿಣವನ್ನು ಎಷ್ಟು ಕಾಯಿಸಿ ಅದ್ದಿದರೂ ಹೇಳಿಕೊಳ್ಳುವಷ್ಟು ಗಡಸಾಗುವುದಿಲ್ಲ. ಅದಕ್ಕೆ ಹೊರಗಿನಿಂದ ಇಂಗಾಲ ಉಣಿಸಬೇಕು. ತುಂಡನ್ನು ಪೆಟ್ಟಿಗೆಯೊಂದರಲ್ಲಿ ಇದ್ದಿಲ ಪುಡಿಯ ನಡುವೆ ಇಟ್ಟು ಬಿಗಿಯಾಗಿ ಮುಚ್ಚಿ 900ರಿಂದ 950 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಇಂಗಾಲ ಮೇಲಿನಿಂದ ಒಳಗೆ ಇಳಿಯುತ್ತದೆ. ಅಷ್ಟು ಹೊತ್ತು ಕಾದರೂ ಇಳಿಯುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಬೇಕಾಗಿರುವುದೂ ಅಷ್ಟೇ! ಆಮೇಲೆ ಅದ್ದಿದರೆ ತೊಗಟೆ ಗಡಸಾಗುತ್ತದೆ, ತಿರುಳು ಮಿದುವಾಗೇ ಉಳಿಯುತ್ತದೆ. ನಿಮ್ಮ ಸೈಕಲ್ಲಿನ ಚಕ್ರದ ಕೋನ್ ಸಾಮಾನ್ಯವಾಗಿ ಹೀಗೆಯೇ ತಯಾರಾಗಿರುತ್ತದೆ. ರಿಪೇರಿ ಅಂಗಡಿಯಲ್ಲಿ ಚಕ್ರ ಬಿಚ್ಚಿದಾಗ ಕೇಳಿ ನೋಡಿ. ಗುಂಡುಗಳು ಓಡಿದ ಜಾಗದಲ್ಲಿ ಒಂದು ಹೊಳೆವ ದಾರಿ ಕಾಣುತ್ತದೆ. ಆ ದಾರಿಯಲ್ಲಿ ಸೂಜಿಮೊನೆಯಷ್ಟು ತಗ್ಗುಗಳು ಬಿದ್ದಿದ್ದರೆ ತೊಗಟೆ ಒಡೆದಿದೆ ಎಂದರ್ಥ. ಅಲ್ಲಿಂದ ಮುಂದೆ ಅದು ಬಹಳ ಬೇಗ ಹಾಳಾಗುತ್ತದೆ, ಏಕೆಂದರೆ ಕೆಳಗೆ ಇರುವುದು ಮಿದು ಉಕ್ಕು.

ಈಗ ಕಬ್ಬಿನ ಕಡೆ ಬರೋಣ. ಬೀದರ್ ಜಿಲ್ಲೆಯಲ್ಲಿ ಕಬ್ಬಿನ ಗಾಡಿಗಳನ್ನು ನೋಡದ ಮಗುವಿಲ್ಲ. ನಾರಂಜಾ ಸಹಕಾರಿ ಸಕ್ಕರೆ ಕಾರ್ಖಾನೆ, ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿರುವ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಇವುಗಳ ಹೆಸರನ್ನೂ ಕೇಳಿರುತ್ತೀರಿ. ಯಾವುದೇ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನೇರವಾಗಿ ಗಾಣಕ್ಕೆ ಹೋಗುವುದಿಲ್ಲ. ಮೊದಲು ತಿರುಗುವ ಕತ್ತಿಗಳು ಅದನ್ನು ತುಂಡರಿಸುತ್ತವೆ. ಬಳಿಕ ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಭಾರದ ಸುತ್ತಿಗೆಗಳು ಬಡಿದು ನಾರು ನಾರು ಮಾಡುತ್ತವೆ. ಕಬ್ಬು ಮೆತ್ತಗಿರಬಹುದು, ಆದರೆ ಅದರ ಬೇರಿಗೆ ಅಂಟಿ ಬಂದ ಹೊಲದ ಮಣ್ಣು ಮೆತ್ತಗಿಲ್ಲ. ನಡುವೆ ಒಂದು ಕಲ್ಲೋ, ಕಬ್ಬಿಣದ ತುಂಡೋ ಬಂದರೆ ದೊಡ್ಡ ಪೆಟ್ಟು. ಕುಂಟೆಯ ಕುಡಕ್ಕಿದ್ದ ಕಷ್ಟವೇ ಇಲ್ಲಿ ಹಲವು ಪಟ್ಟು ದೊಡ್ಡದಾಗಿದೆ. ಹೀಗಾಗಿ ಇಲ್ಲಿಗೆ ವೆಲ್ಡಿಂಗ್ ಬರುತ್ತದೆ.

ವೆಲ್ಡಿಂಗ್ ಎಂದರೆ ಎರಡು ತುಂಡು ಕೂಡಿಸುವುದು ಎಂದೇ ನಮಗೆ ಗೊತ್ತು. ಇಲ್ಲಿ ಕೂಡಿಸುವ ಮಾತೇ ಇಲ್ಲ. ಸುತ್ತಿಗೆಯ ಮೋರೆಯ ಮೇಲೆ ಬೇರೆ ಲೋಹವನ್ನು ಕರಗಿಸಿ ಗೆರೆಗೆರೆಯಾಗಿ ಹಚ್ಚುತ್ತಾರೆ. ಹಾರ್ಡ್‌ಫೇಸಿಂಗ್ ಎನ್ನುತ್ತಾರೆ ಇದಕ್ಕೆ. ಬಳಸುವ ಕಡ್ಡಿಯಲ್ಲಿ ಕ್ರೋಮಿಯಂ ಮತ್ತು ಇಂಗಾಲ ತುಂಬ ಇರುತ್ತವೆ. ಕರಗಿ ಆರುವಾಗ ಅವೆರಡೂ ಸೇರಿ ಕ್ರೋಮಿಯಂ ಕಾರ್ಬೈಡ್ ಎಂಬ ಹರಳುಗಳಾಗುತ್ತವೆ. ಎಷ್ಟು ಗಡಸು ಗೊತ್ತೇ? 1920ರ ದಶಕದಲ್ಲಿ ಇಂಗ್ಲೆಂಡಿನ ವಿಕರ್ಸ್ ಕಂಪನಿಯಲ್ಲಿ ಒಂದು ಅಳತೆ ಹುಟ್ಟಿತು. ವಜ್ರದ ಪುಟ್ಟ ಮೊನೆಯನ್ನು ಲೋಹಕ್ಕೆ ಒತ್ತಿ, ಬಿದ್ದ ತಗ್ಗು ಎಷ್ಟು ಚಿಕ್ಕದೋ ಅಷ್ಟು ಹೆಚ್ಚು ಅಂಕ ಕೊಡುವುದು. ಆ ಅಳತೆಯಲ್ಲಿ ಸಾದಾ ಕಬ್ಬಿಣಕ್ಕೆ ಸುಮಾರು 130. ಚೆನ್ನಾಗಿ ನೀರು ಕುಡಿಸಿದ ಉಕ್ಕಿಗೆ ಸುಮಾರು 800. ಬೆಣಚಿಗೆ ಸಾವಿರಕ್ಕೂ ಮೇಲೆ. ಅಂದರೆ ಕಂಬಾರರ ಅತ್ಯುತ್ತಮ ಕುಡವೂ ಬೆಣಚಿನ ಮುಂದೆ ತಡವಾಗಿಯಾದರೂ ಸವೆಯಲೇಬೇಕು. ಕ್ರೋಮಿಯಂ ಕಾರ್ಬೈಡಿಗೆ 1500ರ ಆಸುಪಾಸು. ಇಲ್ಲಿ ಮಾತ್ರ ಮಣ್ಣು ಸೋಲುತ್ತದೆ.

ಮೊದಲ ಗೆರೆ ಹಚ್ಚಿದಾಗ ಅಡಿಯ ಉಕ್ಕೂ ಕೊಂಚ ಕರಗಿ ಅದರಲ್ಲಿ ಬೆರೆಯುತ್ತದೆ, ಹಾಗಾಗಿ ಮೊದಲ ಪದರ ಅಷ್ಟು ಗಡಸಲ್ಲ. ಅದರ ಮೇಲೆ ಇನ್ನೊಂದು ಪದರ ಬಿದ್ದಾಗ ಪೂರ್ತಿ ಗುಣ ಬರುತ್ತದೆ. ಕೆಲಸ ಮುಗಿದ ಮೇಲೆ ಹತ್ತಿರದಿಂದ ನೋಡಿದರೆ ಗೆರೆಗೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಹೊಸಬರು ಗಾಬರಿಯಾಗುತ್ತಾರೆ. ಅನುಭವಿ ವೆಲ್ಡರ್ ಆಗುವುದಿಲ್ಲ. ಗಡಸು ಪದರ ಆರುವಾಗ ಕುಗ್ಗುತ್ತದೆ, ಹಿಗ್ಗಲು ಅದಕ್ಕೆ ಬಾರದು, ಅಲ್ಲಲ್ಲಿ ಬಿರಿದು ಬಿಗುವು ಕಳೆದುಕೊಳ್ಳುತ್ತದೆ. ಬಿರುಕು ಆ ಪದರದಲ್ಲೇ ನಿಂತರೆ ತೊಂದರೆಯಿಲ್ಲ, ಒಡಲಿಗೆ ಇಳಿಯಬಾರದು ಅಷ್ಟೇ. ಅದಕ್ಕಾಗಿಯೇ ಅನೇಕ ಕಡೆ ಗಡಸು ಕಡ್ಡಿಗೂ ಒಡಲಿಗೂ ನಡುವೆ ಮಿದು ಲೋಹದ ಒಂದು ಪದರವನ್ನು ಮೊದಲೇ ಹಚ್ಚಿರುತ್ತಾರೆ.

ಪಾಟಾದಂಥ ಇಂಗಾಲದ ಉಕ್ಕಿಗೆ ವೆಲ್ಡಿಂಗ್ ಮಾಡುವಾಗ ಇನ್ನೊಂದು ಎಚ್ಚರ ಬೇಕು. ವೆಲ್ಡಿಂಗಿನ ಕಿಡಿ ಸಾವಿರಾರು ಡಿಗ್ರಿ ಬಿಸಿ, ಆದರೆ ಸುತ್ತಲಿನ ಉಕ್ಕು ತಣ್ಣಗಿದೆ. ಕಿಡಿ ಮುಂದೆ ಸರಿದೊಡನೆ ಆ ತಣ್ಣನೆಯ ಉಕ್ಕೇ ಕಾವನ್ನು ಗಬಕ್ಕನೆ ಹೀರಿಕೊಳ್ಳುತ್ತದೆ. ನೀರಿಲ್ಲದೆಯೇ ನೀರು ಕುಡಿಸಿದಂತಾಗಿ, ವೆಲ್ಡಿಂಗಿನ ಪಕ್ಕದಲ್ಲಿ ಬೇಡದ ಕಡೆ ಮಾರ್ಟೆನ್ಸೈಟ್ ಹುಟ್ಟುತ್ತದೆ. ‘ಬೆಸುಗೆ ಗಟ್ಟಿ ಇತ್ತು, ಪಕ್ಕದಲ್ಲೇ ಮುರೀತು’ ಎಂದು ರೈತರು ಹೇಳುವುದು ಇದನ್ನೇ. ಮೊದಲೇ ತುಂಡನ್ನು ಹದವಾಗಿ ಬಿಸಿ ಮಾಡಿಕೊಂಡು, ಮುಗಿದ ಮೇಲೆ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹುಗಿದು ಮೆಲ್ಲಗೆ ಆರಿಸಿದರೆ ಈ ಕಷ್ಟ ತಪ್ಪುತ್ತದೆ.

ಒಂದು ಮಾತು, ದಯವಿಟ್ಟು ಮರೆಯಬೇಡಿ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ, ಬೆರಳ ಸಂದಿನಿಂದಲೂ ಬೇಡ, ಸಾದಾ ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ಬೇಡ. ಅದರಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ನೋಡಿದಾಗ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ ಹೊತ್ತು, ಕಣ್ಣಲ್ಲಿ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ತಣ್ಣಗಾದ ಕೆಲಸವನ್ನು ನೋಡಿ, ಕೇಳಿ, ಮುಟ್ಟಿ. ಕಲಿಯುವುದೆಲ್ಲ ಅಲ್ಲೇ ಇದೆ.

ಇಷ್ಟೆಲ್ಲ ಹೇಳಿದ ನಿಯಮಗಳನ್ನು ತಲೆಕೆಳಗು ಮಾಡುವ ಒಂದು ಉಕ್ಕೂ ಇದೆ. ಅದನ್ನು ಬಳಸುವ ಒಂದು ಜಾಗ ರೈಲು ಮಾರ್ಗ. ಸ್ಟೇಷನ್ನಿನ ಹತ್ತಿರ ಒಂದು ಹಳಿ ಇನ್ನೊಂದನ್ನು ದಾಟುವ ಕಡೆ ಸಣ್ಣದೊಂದು ಸಂದು ಇರುತ್ತದೆ. ಪ್ರತಿ ಚಕ್ರವೂ ಅದನ್ನು ಹಾರಿ ಆಚೆಯ ಮೂತಿಗೆ ಧಡ್ ಎಂದು ಬಡಿಯುತ್ತದೆ. ಭಾರತೀಯ ರೈಲ್ವೆ ಇಂಥ ಕ್ರಾಸಿಂಗುಗಳಿಗೆ ಎರಕ ಹೊಯ್ದ ಮ್ಯಾಂಗನೀಸ್ ಉಕ್ಕನ್ನು ಬಳಸುತ್ತದೆ. ಇದನ್ನು ಕಂಡುಹಿಡಿದದ್ದು ಇಂಗ್ಲೆಂಡಿನ ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್, 1882ರಲ್ಲಿ. ಆಗ ಅವರಿಗೆ ವಯಸ್ಸು ಇಪ್ಪತ್ನಾಲ್ಕು ಸಹ ತುಂಬಿರಲಿಲ್ಲ. ನೂರು ಕಿಲೋದಲ್ಲಿ 12–13 ಕಿಲೋ ಮ್ಯಾಂಗನೀಸ್ ಬೆರೆತ ಈ ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುವುದಿಲ್ಲ, ಮಿದುವಾಗಿ ತಾಳಿಕೆಯುಳ್ಳದ್ದಾಗುತ್ತದೆ. ಮೆಲ್ಲಗೆ ಆರಲು ಬಿಟ್ಟರೆ ಪೆಡಸಾಗಿ ಒಡೆಯುತ್ತದೆ. ಮತ್ತೆ ಗಡಸುತನ ಎಲ್ಲಿಂದ? ಪೆಟ್ಟಿನಿಂದ. ಚಕ್ರಗಳು ಬಡಿದಷ್ಟೂ ಮೇಲ್ಮೈಯ ಪದರಗಳು ಒಂದಕ್ಕೊಂದು ಸಿಕ್ಕಿಬಿದ್ದು ಆ ಜಾಗವಷ್ಟೇ ಗಡಸಾಗುತ್ತ ಹೋಗುತ್ತದೆ. ಕೆಳಗಿನ ಒಡಲು ಮೊದಲಿನಂತೆಯೇ ಉಳಿಯುತ್ತದೆ. ವರ್ಷಗಳ ನಂತರ ಸವೆದಾಗ ವೆಲ್ಡರುಗಳು ಮತ್ತೆ ಲೋಹ ಹಚ್ಚಿ ತುಂಬುತ್ತಾರೆ. ಆದರೆ ಇಲ್ಲಿ ತುಂಡನ್ನು ಮೊದಲೇ ಬಿಸಿ ಮಾಡುವುದಿಲ್ಲ, ಬಿಸಿಯೇರಲೂ ಬಿಡುವುದಿಲ್ಲ. ಚಿಕ್ಕ ಚಿಕ್ಕ ಗೆರೆ ಎಳೆದು, ತಣಿಯಲು ಬಿಟ್ಟು, ಮತ್ತೆ ಎಳೆಯುತ್ತಾರೆ.

ಹಳಿಯ ಹತ್ತಿರ ಹೋಗುವುದು ಬೇಡ. ಜಲ್ಲಿ ಕ್ರಷರಿನಲ್ಲಿ ಕಲ್ಲು ಅಗಿಯುವ ದವಡೆಯ ಪ್ಲೇಟುಗಳೂ ಸಾಮಾನ್ಯವಾಗಿ ಇದೇ ಉಕ್ಕಿನವು, ಸವೆದವು ಗುಜರಿ ಅಂಗಡಿಗೆ ಬರುತ್ತವೆ. ಅಲ್ಲಿ ಒಂದು ಸಿಕ್ಕರೆ ಅಯಸ್ಕಾಂತ ಹಿಡಿದು ನೋಡಿ. ಕುಲುಮೆಯಲ್ಲಿ 770 ಡಿಗ್ರಿ ದಾಟಿದ ಮೇಲೆ ಆಗುವುದು ಇದಕ್ಕೆ ತಣ್ಣಗಿರುವಾಗಲೇ ಆಗಿರುತ್ತದೆ: ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಕಾದಾಗ ಪರಮಾಣುಗಳು ಕಟ್ಟಿಕೊಳ್ಳುವ ಆ ದೊಡ್ಡ ಸಂದುಗಳ ಮನೆಯನ್ನು ಮ್ಯಾಂಗನೀಸ್ ಆರಿದ ಮೇಲೂ ಹಾಗೇ ಉಳಿಸಿಕೊಂಡಿರುತ್ತದೆ.